ಟ್ಯಾಂಕಿನ ಗಂಗೆ ಜಡಿಗೇನಹಳ್ಳಿಗೆ ಹೋದದ್ದು

ಧನುರ್ಮಾಸದ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಅರಿಶಿನಕುಂಟೆ ಬಿಡಬೇಕೆಂದು ಮಾತಾಗಿತ್ತು. ಬಿಟ್ಟದ್ದು ಏಳೂಕಾಲಕ್ಕೆ. ನನ್ನ ತಮ್ಮ ನಾಗರಾಜ ತನ್ನ ಕ್ಯಾರವಾನಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ, ನೀರಿನ ಟ್ಯಾಂಕಿನ ಬುಡದಲ್ಲಿದ್ದ ಹಿತ್ತಾಳೆ ನಲ್ಲಿಯನ್ನು ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿದ್ದ. ಅಷ್ಟರಲ್ಲಿ ನಮ್ಮ ಚಿಕ್ಕಮ್ಮ ಸಾಕಮ್ಮ, ಎಪ್ಪತ್ತೆರಡರ ಕಾಲಿಗೆ ಒಪ್ಪದ ವೇಗದಲ್ಲಿ ಮನೆಯೊಳಗಿಂದ ಓಡಿ ಬಂದಳು.

"ಬಿಡ್ಬೇಡ ಕಣೋ! ಆ ನೀರು ಬಿಡ್ಬೇಡ! ನಿನ್ ದಮ್ಮಯ್ಯ!"

ನಾಗರಾಜ ಗಾಡಿಯ ಕೆಳಗಿಂದ ತಲೆ ಮಾತ್ರ ಹೊರಗೆ ಹಾಕಿದ. "ಯಾಕೆ ಚಿಕ್ಕಮ್ಮ? ಟ್ಯಾಂಕಲ್ಲಿ ಮೀನು ಸಾಕಿದ್ದೀಯಾ?"

"ಗಂಗಮ್ಮ ಅವ್ಳೆ ಕಣೋ ಅದ್ರಲ್ಲಿ" ಎಂದು ಚಿಕ್ಕಮ್ಮ ಗಾಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಈ ಗಾಡಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹದಿನೈದು ಜನ ಕೂರುವ ವ್ಯಾನಿನಲ್ಲಿ ಸೀಟುಗಳನ್ನೆಲ್ಲ ಕಿತ್ತು, ಎರಡು ಮಂಚ, ಗ್ಯಾಸ್ ಒಲೆ, ಸಿಂಕು, ಒಬ್ಬರು ನಿಲ್ಲುವಷ್ಟು ಬಚ್ಚಲು ಕೂರಿಸಿದರೆ ಏನಾಗುತ್ತದೋ ಅದು. ಚಿಕ್ಕಮ್ಮ ಅದನ್ನು ಮನೆಗಾಡಿ ಎನ್ನುತ್ತಾಳೆ. ಮಂಚದ ಕೆಳಗೆ ನೂರಿಪ್ಪತ್ತು ಲೀಟರಿನ ಟ್ಯಾಂಕು. ನಲ್ಲಿ ತಿರುಗಿಸಿದರೆ ಪಂಪು ಗುಂಯ್‌ಗುಟ್ಟಿ ನೀರು ಕೊಡುತ್ತದೆ. ಈ ಟ್ಯಾಂಕು, ಪಂಪು ಎಲ್ಲ ಯಾವುದೋ ಹಿಮ ಬೀಳುವ ದೇಶದಲ್ಲಿ ತಯಾರಾದವು. ಜೊತೆಗೆ ಬಂದ ಪುಸ್ತಕದಲ್ಲಿ, ಚಳಿಗಾಲಕ್ಕೆ ಮುಂಚೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಬೇಕು, ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಕೊಳವೆ ಸೀಳುತ್ತದೆ ಎಂದು ಬರೆದಿತ್ತು. ನಮ್ಮ ಕಡೆ ಧನುರ್ಮಾಸದಲ್ಲಿ ಹೆಪ್ಪುಗಟ್ಟಬೇಕಾದ ಮೊಸರೇ ಹೆಪ್ಪುಗಟ್ಟುವುದಿಲ್ಲ, ನೀರಿನ ಮಾತೆಲ್ಲಿ ಬಂತು ಎಂದು ನಾನು ನಕ್ಕಿದ್ದೆ. ಆದರೆ ನನ್ನ ತಮ್ಮ ಬರೆದದ್ದನ್ನು ಬರೆದಂತೆ ಮಾಡುವ ಜಾತಿ. ಶಿವರಾತ್ರಿಯವರೆಗೆ ಗಾಡಿಯನ್ನು ಜಡಿಗೇನಹಳ್ಳಿಯಲ್ಲಿರುವ ದೊಡ್ಡಮ್ಮನ ಮನೆಯ ಶೀಟಿನ ಕೊಟ್ಟಿಗೆಯಲ್ಲಿ ನಿಲ್ಲಿಸುವುದೆಂದು ಆಗಿತ್ತು. ಎರಡು ತಿಂಗಳು ನಿಂತ ನೀರು ನಾರುತ್ತದೆ ಎಂಬ ಅವನ ವಾದವನ್ನಂತೂ ನಾನು ಒಪ್ಪಬೇಕಾಯಿತು.

ಇನ್ನು ಗಂಗಮ್ಮ ಟ್ಯಾಂಕಿಗೆ ಬಂದ ಕಥೆ. ಕಾರ್ತಿಕದಲ್ಲಿ ನಾಗರಾಜ, ಅವನ ಹೆಂಡತಿ, ಚಿಕ್ಕಮ್ಮ ಇದೇ ಗಾಡಿಯಲ್ಲಿ ಕಾಶಿಗೆ ಹೋಗಿ ಬಂದಿದ್ದರು. ನಾಲ್ಕನೆಯವಳಾಗಿ ಹೋಗಬೇಕಾಗಿದ್ದವಳು ನಮ್ಮ ದೊಡ್ಡಮ್ಮ ಹೊನ್ನಮ್ಮ, ಚಿಕ್ಕಮ್ಮನ ಅಕ್ಕ. ಇವರಿಬ್ಬರ ನಡುವಿನವಳೇ ನಮ್ಮ ಅವ್ವ; ಅವಳು ಹೋಗಿ ಒಂಬತ್ತು ವರ್ಷವಾಯಿತು. ಹೊರಡಲು ಹತ್ತು ದಿನವಿರುವಾಗ ದೊಡ್ಡಮ್ಮ ದನದ ಕೊಟ್ಟಿಗೆಯಲ್ಲಿ ಜಾರಿಬಿದ್ದು ಮೊಣಕಾಲು ಮುರಿದುಕೊಂಡಳು. ದೂರದ ಪ್ರಯಾಣ ಇನ್ನು ಆಗದು ಎಂದು ಡಾಕ್ಟರು ಹೇಳಿದರು. "ನೀನು ಹೋಗಿದ್ದು ಬಾರೇ, ನಂಗೆ ಗಂಗೆ ತತ್ತಾ" ಎಂದು ಅವಳು ತಂಗಿಯನ್ನು ಕಳಿಸಿಕೊಟ್ಟಿದ್ದಳು. ಚಿಕ್ಕಮ್ಮ ಮರೆಯದೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತುಂಬಿಸಿಕೊಂಡು ಹೊರಟಳು. ನಾಗಪುರ ದಾಟುವಾಗ ಬೆಸುಗೆ ಬಿಟ್ಟಿತು. ಸೆರಗು ಒದ್ದೆಯಾದಾಗಲೇ ಗೊತ್ತಾದದ್ದು.

"ಒಂದು ಬಾಟ್ಲಿಗೆ ಹಾಕ್ಕೊಳೋದಲ್ವಾ?" ಎಂದೆ ನಾನು.

"ಯಾವ್ ಬಾಟ್ಲಿಗೆ ಹಾಕ್ಲಪ್ಪ? ಇದ್ದಿದ್ದಕ್ಕೆಲ್ಲ ಇವ್ರು ಬಾಯಿ ಕಚ್ಚಿ ಕುಡ್ದಿದ್ರು. ಎಲ್ಲಾ ಎಂಜ್ಲು. ಪಾತ್ರೇಲಿ ಇವನ್ ಹೆಂಡ್ತಿ ಮೊಟ್ಟೆ ಬೇಯ್ಸಿದ್ಲು. ಇಡೀ ಗಾಡೀಲಿ ಯಾರೂ ಬಾಯಿ ಹಾಕ್ದೇ ಇರೋದು ಅಂದ್ರೆ ಟ್ಯಾಂಕ್ ಒಂದೇ. ಬಂಕಲ್ಲಿ ಇವನು ಡೀಸೆಲ್ ಹಾಕಿಸ್ತಿದ್ದ. ನಾನು ಮುಚ್ಚಳ ತೆಗ್ದು ಉಯ್ದುಬಿಟ್ಟೆ."

ನಾಗರಾಜ ಮಣ್ಣು ಕೊಡವಿಕೊಂಡು ಎದ್ದು ನಿಂತ. "ಆಮೇಲೆ ತುಮಕೂರತ್ರ ನಾನು ಮೇಲಿಂದ ಬೋರ್‌ವೆಲ್ ನೀರು ತುಂಬಿಸ್ದೆ, ಗೊತ್ತಾ?"

"ತುಂಬ್ಸು. ಹೆಪ್ಪು ಹಾಕಿದ್ಮೇಲೆ ಹಾಲು ಹಾಲಾಗೇ ಇರ್ತದಾ? ಎಲ್ಲಾ ಗಂಗೇನೇ."

"ಅದ್ರಲ್ಲೇ ನಾನು ಮುಖ ತೊಳ್ದೆ, ಕಾಲು ತೊಳ್ದೆ, ಗಡ್ಡ ಕೆರ್ಕೊಂಡೆ!"

"ಅದ್ಕೇ ಮುಖದಲ್ಲಿ ಒಂದ್ ಸ್ವಲ್ಪ ಕಳೆ ಬಂದೈತೆ."

ತಮಾಷೆ ಅಲ್ಲಿಗೆ ಮುಗಿಯಿತು. ಊರಿಗೆ ಬಂದ ಮೇಲೆ ದೊಡ್ಡಮ್ಮ ಫೋನಿನಲ್ಲಿ "ಗಂಗೆ ತಂದ್ಯಾ?" ಎಂದಾಗ ಚಿಕ್ಕಮ್ಮ "ತಂದಿದ್ದೀನಿ" ಎಂದಿದ್ದಳು. "ಯಾವಾಗ ಬರ್ತೀಯ?" ಎಂದರೆ "ಮುಂದಿನ್ ವಾರ". ಹೀಗೆ ನಾಲ್ಕು ವಾರ ಹೋಗಿತ್ತು. ಕಳೆದ ಎರಡು ಸಲ ದೊಡ್ಡಮ್ಮ ಗಂಗೆಯ ಸುದ್ದಿಯನ್ನೇ ಎತ್ತಲಿಲ್ಲವಂತೆ. "ಕೇಳಿದ್ರೆ ಬೈದಂಗೆ ಇರ್ತಿತ್ತು, ಕೇಳ್ದೇ ಇದ್ದಿದ್ದು ಹೊಡ್ದಂಗಾಯ್ತು" ಎಂದು ಚಿಕ್ಕಮ್ಮ ಮೂಗು ಒರೆಸಿಕೊಂಡಳು. ಅಕ್ಕ ಬಿದ್ದು ಮಲಗಿದ್ದಾಗ ಪ್ರಯಾಣವನ್ನು ಮುಂದಕ್ಕೆ ಹಾಕದೆ ಹೋಗಿಬಿಟ್ಟೆನಲ್ಲ ಎಂಬುದು ಅವಳ ಒಳಗಿನ ಹುಣ್ಣು. ಅದರ ಮೇಲೆ ಈ ಗಿಂಡಿಯದು ಬೇರೆ.

ಕೊನೆಗೆ ತೀರ್ಮಾನವಾದದ್ದು ಹೀಗೆ: ದೊಡ್ಡಮ್ಮನಿಗೆ ಒಂದು ಚೊಂಬು ತೆಗೆದಿಟ್ಟು, ಮಿಕ್ಕದ್ದನ್ನು ದಾರಿಯಲ್ಲಿ ಎಲ್ಲಾದರೂ ಜನ ತುಳಿಯದ ಜಾಗದಲ್ಲಿ, ಮರದ ಬುಡಕ್ಕೋ ಬಾವಿಗೋ ಬಿಡುವುದು. ತೀರ್ಥವನ್ನು ತುಳಿಯುವ ಕಡೆ ಚೆಲ್ಲಬಾರದು ಎಂಬುದು ನಮ್ಮ ಮನೆಯ ಹಳೆಯ ಕಟ್ಟಳೆ. ನಾಗರಾಜ ನಲ್ಲಿಯನ್ನು ಮತ್ತೆ ತಿರುಗಿಸಿ ಮುಚ್ಚಿದ. ಗಾಡಿಯೊಳಗೆ ಗೋಡೆಯ ಮೇಲಿನ ಪುಟ್ಟ ಫಲಕದಲ್ಲಿ ನಾಲ್ಕು ಹಸಿರು ದೀಪಗಳೂ ಉರಿಯುತ್ತಿದ್ದವು, ಎಂದರೆ ಟ್ಯಾಂಕು ತುಂಬಿದೆ ಎಂದು ಅರ್ಥ.

ನೆಲಮಂಗಲ ದಾಟಿ ದೊಡ್ಡಬಳ್ಳಾಪುರದ ರಸ್ತೆಗೆ ಬಿದ್ದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಹಾಲಿನ ಗಾಡಿಯ ಕೆಂಪು ದೀಪವೇ ನಮಗೆ ದಾರಿ. ಎರಡೂ ಕಡೆ ಕೊಯ್ದ ರಾಗಿ ಹೊಲ, ಅಲ್ಲಲ್ಲಿ ಹೊಸ ಲೇಔಟಿನ ಬಿಳಿ ಕಲ್ಲುಗಳು. ಮಧುರೆಯ ಶನಿದೇವರ ಗುಡಿಯ ಮುಂದೆ ಶನಿವಾರದ ಜನ ಸೇರುತ್ತಿದ್ದರು. ಎಳ್ಳೆಣ್ಣೆಯ ವಾಸನೆ ಗಾಡಿಯ ಒಳಕ್ಕೂ ಬಂತು. ಅಲ್ಲಿ ಹದಿನೈದು ರೂಪಾಯಿಯ ಟೀ ಕುಡಿದೆವು. ಚಿಕ್ಕಮ್ಮ ಇಳಿಯಲಿಲ್ಲ. ಟ್ಯಾಂಕಿನ ಮೇಲಿನ ಮಂಚದ ಮೇಲೆ, ಯಾರಾದರೂ ಎತ್ತಿಕೊಂಡು ಹೋಗುತ್ತಾರೇನೋ ಎಂಬಂತೆ ಕುಳಿತೇ ಇದ್ದಳು.

ಮಧುರೆಯಿಂದ ದೊಡ್ಡಬಳ್ಳಾಪುರ ಅರ್ಧ ಗಂಟೆಯ ದಾರಿ. ಊರೊಳಗೆ ಒಂದು ತಿರುವಿನಲ್ಲಿ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, "ಗುರು, ಗಾಡಿ ಕೆಳ್ಗಡೆ ಸೋರ್ತೈತೆ ನೋಡು" ಎಂದು ಕೂಗಿ ಹೋದ. ಇಳಿದು ನೋಡಿದೆವು. ಬೆಳಿಗ್ಗೆ ಸಡಿಲಿಸಿದ ನಲ್ಲಿಯ ತಿರುಪಿನ ಮರೆಯಿಂದ ಹನಿಗೊಂದು ಹನಿ ಬೀಳುತ್ತಿತ್ತು. ನಮ್ಮ ಹಿಂದೆ ರಸ್ತೆಯ ಮೇಲೆ ಸೂಜಿ ಹೊಲಿಗೆಯ ಹಾಗೆ ಚುಕ್ಕಿ ಚುಕ್ಕಿಯ ಸಾಲು; ಅದರ ಮೇಲೆ ಆಟೋ, ಬಸ್ಸು, ಒಂದು ಕುರಿ ಹಿಂಡು. ಫಲಕದಲ್ಲಿ ಮೂರೇ ದೀಪ.

ಚಿಕ್ಕಮ್ಮ ಬಾಗಿಲಲ್ಲಿ ನಿಂತು ಆ ಸಾಲನ್ನು ನೋಡಿದಳು. ಬೈಯಲೂ ಇಲ್ಲ, ಅಳಲೂ ಇಲ್ಲ. "ನೆಲಮಂಗ್ಲದಿಂದ ಇಲ್ಲೀ ತನಕ ತುಳಿಸ್ಕೊಂಡೇ ಬಂದ್ವಲ್ಲಪ್ಪ" ಎಂದಷ್ಟೇ ಅಂದಳು. ಆ ದನಿ ಕೇಳಿ ನಾಗರಾಜ ಮತ್ತೆ ಗಾಡಿಯ ಕೆಳಗೆ ತೂರಿದ. ಸ್ಪ್ಯಾನರಿನಿಂದ ಎಷ್ಟು ಬಿಗಿದರೂ ಹನಿ ನಿಲ್ಲಲಿಲ್ಲ. ಮರೆಗೆ ಸುತ್ತುವ ಬಿಳಿ ಟೇಪು ಬೇಕಿತ್ತು; ಹಾರ್ಡ್‌ವೇರ್ ಅಂಗಡಿ ತೆಗೆಯುವುದು ಹತ್ತು ಗಂಟೆಗೆ.

ನಾವು ನಿಂತದ್ದು ಮಗ್ಗದ ಬೀದಿಯಲ್ಲಿ. ಮನೆಮನೆಯಲ್ಲೂ ವಿದ್ಯುತ್ ಮಗ್ಗ ಚಟಪಟ ಎನ್ನುತ್ತಿದ್ದವು. ಎದುರು ಮನೆಯಿಂದ ಐವತ್ತರ ಆಸುಪಾಸಿನ ಒಬ್ಬಾತ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದ. "ಟೇಪ್ ಯಾಕಣ್ಣ? ತಡೀರಿ" ಎಂದು ಒಳಗೆ ಹೋಗಿ, ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಗಳ ಒಂದು ಮುಷ್ಟಿ ಸಿಕ್ಕು ತಂದ. ನಾಗರಾಜ ನಲ್ಲಿಯನ್ನು ಬಿಚ್ಚಿ, ಅದು ಕೂರುವ ತೂತಿಗೆ ಬೆರಳು ಒತ್ತಿ ಹಿಡಿದ. ಆತ ಎಳೆಗಳನ್ನು ಬಿಡಿಸಿ, ಎಂಜಲು ಹಚ್ಚಿ ಹೊಸೆಯಲು ಬೆರಳನ್ನು ನಾಲಿಗೆಯ ಕಡೆ ಒಯ್ದದ್ದೇ ತಡ, ಮೇಲಿಂದ ಚಿಕ್ಕಮ್ಮ ಕೂಗಿದಳು: "ಎಂಜ್ಲು ಹಚ್ಬೇಡಪ್ಪಾ! ಒಳ್ಗೆ ಗಂಗೆ ಐತೆ!"

ಆತ ಬೆರಳನ್ನು ಅಲ್ಲೇ ನಿಲ್ಲಿಸಿದ. ನಮ್ಮ ಮುಖಗಳನ್ನು ನೋಡಿದ. ಏನೂ ಕೇಳದೆ, ಅದೇ ಹನಿಯಲ್ಲಿ ಬೆರಳು ಒದ್ದೆ ಮಾಡಿಕೊಂಡು ಎಳೆ ಹೊಸೆದು, ಮರೆಗೆ ಒತ್ತೊತ್ತಾಗಿ ಸುತ್ತಿ, ಬಿಗಿ ಎಂದ. ನಾಗರಾಜ ಬಿಗಿದ. ಹನಿ ನಿಂತಿತು.

"ನಮ್ಮ ಬೋರ್‌ವೆಲ್ ಪೈಪಿಗೂ ಇದೇ ಅಮ್ಮ. ಮೂರು ವರ್ಷ ಆಯ್ತು, ಅಲ್ಲಾಡಿಲ್ಲ" ಎಂದ ಆತ.

"ರೇಷ್ಮೆ ಅಂದ್ರೆ ಮಡಿ. ಒಳ್ಳೇದಾಯ್ತು ಬಿಡು" ಎಂದಳು ಚಿಕ್ಕಮ್ಮ; ಅವಳಿಗೆ ಜೀವ ಬಂದಿತ್ತು. ಆತ ದುಡ್ಡು ಬೇಡವೆಂದ. ತನ್ನ ಅಮ್ಮನಿಗೆ ಕೊಡಲು ಒಂದು ಲೋಟ ಗಂಗೆ ಕೇಳಿದ. ಲೋಟವನ್ನು ಬೂದಿ ಹಾಕಿ ತಿಕ್ಕಿಸಿ ತರಿಸಿ, ಚಿಕ್ಕಮ್ಮ ತಾನೇ ಸಿಂಕಿನ ನಲ್ಲಿ ತಿರುಗಿಸಿ ಕೊಟ್ಟಳು. ಆ ವೇಳೆಗೆ ಬೀದಿಯ ಇನ್ನೂ ಇಬ್ಬರು ಹೆಂಗಸರು ಪ್ಲಾಸ್ಟಿಕ್ ಬಾಟಲಿ ಹಿಡಿದು ನಿಂತಿದ್ದರು. "ಇದಕ್ಕೆ ಬಾಯಿ ಹಾಕಿದ್ದೀರಾ?" ಎಂದು ಒಬ್ಬೊಬ್ಬರನ್ನೂ ವಿಚಾರಣೆ ಮಾಡಿದ ಮೇಲೆ ಅವರಿಗೂ ಸಿಕ್ಕಿತು.

ದೇವನಹಳ್ಳಿಗೆ ಇಪ್ಪತ್ತು ಕಿಲೋಮೀಟರು. ಬಿಸಿಲು ಏರಿ ಮಂಜು ಕರಗಿತ್ತು. ತಲೆಯ ಮೇಲೆ ನಿಮಿಷಕ್ಕೊಂದರ ಹಾಗೆ ವಿಮಾನ ಇಳಿಯುತ್ತಿದ್ದವು. ಊರಾಚೆ ಒಂದು ದೊಡ್ಡ ಅರಳಿಮರ ಕಂಡಿತು. ಇಲ್ಲಿಯೇ ಬಿಡೋಣವೆಂದು ನಾಗರಾಜ ಗಾಡಿಯನ್ನು ಪಕ್ಕಕ್ಕೆ ಹಾಕಿದ. ಇಳಿದು ನೋಡಿದರೆ ಕಟ್ಟೆಗೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರು, ಕಾಂಡದ ತೊಗಟೆಯವರೆಗೂ. ಒಂದು ಚೊಂಬು ಉಯ್ದರೂ ಬೇರಿಗೆ ಇಳಿಯದೆ ಕಟ್ಟೆ ಮೇಲೆ ಹರಿದು, ಅಲ್ಲಿ ಚಪ್ಪಲಿ ಬಿಟ್ಟಿದ್ದವರ ಕಾಲಿಗೆ ಬರುತ್ತಿತ್ತು. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಹಿರಿಯರೊಬ್ಬರು, "ನೋಡೋಕೆ ಚೆಂದ ಕಾಣ್ಲಿ ಅಂತ ಹುಡುಗ್ರು ಮಾಡಿಸಿದ್ರು. ಮರ ಬಾಯಿಬಿಟ್ಟು ಹೇಳಲ್ವಲ್ಲ" ಎಂದರು.

ಅಲ್ಲಿಯೇ ದೊಡ್ಡಮ್ಮನ ಫೋನು ಬಂತು. ಚಿಕ್ಕಮ್ಮನಿಗೆ ಫೋನು ಕಿವಿಗಿಟ್ಟರೆ ಕೇಳುವುದಿಲ್ಲ, ಸ್ಪೀಕರೇ ಆಗಬೇಕು. ಹಾಗಾಗಿ ನಮಗೂ ಕೇಳಿಸಿತು.

"ಎಲ್ಲಿದ್ದೀಯೇ?"

"ದೇವ್ನಳ್ಳಿ ಅಕ್ಕಯ್ಯ."

"ಸರಿ. ಅವರೆಕಾಯಿ ಬಿಡಿಸ್ತಿದ್ದೀನಿ, ಊಟಕ್ಕೆ ಬಂದ್ಬಿಡಿ." ಆಮೇಲೆ, "ಅದನ್ನ ಮರ್ತು ಬಂದಿದ್ರೂ ಪರ್ವಾಗಿಲ್ಲ. ನೀನು ಬಾ" ಎಂದಳು.

ಚಿಕ್ಕಮ್ಮ ಫೋನನ್ನು ಮಡಿಲಿಗೆ ಹಾಕಿಕೊಂಡು ಬೂದಿಗೆರೆಯವರೆಗೆ ಒಂದು ಮಾತೂ ಆಡಲಿಲ್ಲ. ಗಾಡಿಯಲ್ಲಿ ಅವಳು ಮಾತಾಡದೆ ಹದಿನೈದು ಕಿಲೋಮೀಟರು ಹೋದದ್ದು ಅದೇ ಮೊದಲು ಎಂದು ನಾಗರಾಜ ಆಮೇಲೆ ಹೇಳಿದ.

ಬೂದಿಗೆರೆಯ ಹತ್ತಿರ ಒಂದು ಕಡೆ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು, ರಸ್ತೆಯ ಈಚೆ ಅವರೆ ಹೊಲ. ಹೊಲದ ಅಂಚಿನಲ್ಲಿ ಗೋಣಿತಾಟು ಹಾಸಿ ಒಬ್ಬ ಹೆಂಗಸು ಅವರೆಕಾಯಿ ರಾಶಿ ಹಾಕಿಕೊಂಡು ಕುಳಿತಿದ್ದಳು. ಕಾಯಿ ಮುಟ್ಟಿದರೆ ಸೊಗಡು ಕೈಗೆ ಅಂಟುವಂತಿತ್ತು. ಎರಡು ಕಿಲೋ ತೂಗಿಸಿ, ಹತ್ತಿರದಲ್ಲಿ ಬಾವಿಯೇನಾದರೂ ಇದೆಯಾ ಎಂದು ಕೇಳಿದೆ.

"ಇತ್ತಣ್ಣ. ಮಕ್ಳು ಮರಿ ಬೀಳ್ತಾವೆ ಅಂತ ಚಪ್ಪಡಿ ಮುಚ್ಚಿದ್ರು. ಬಾವಿ ಯಾಕೆ?"

ಹೇಳಿದೆ. ಅವಳು ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು, "ನನ್ ಅವರೆ ಸಾಲಿಗೆ ಬಿಡಿ, ಪುಣ್ಯ ಬರ್ಲಿ" ಎಂದಳು.

"ನಾಳೆ ಕಾಯಿ ಕುಯ್ಯೋಕೆ ಬಂದು ತುಳೀತೀರಲ್ಲವ್ವ" ಎಂದಳು ಚಿಕ್ಕಮ್ಮ ಕಿಟಕಿಯಿಂದ.

"ಅದೂ ಹೌದು." ಅವಳು ಕಿಟಕಿಯ ಹತ್ತಿರ ಬಂದು ನಿಂತಳು. "ಅಲ್ಲ ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಅಕ್ಕಂಗೆ ಅಂತ ತಂದಿದ್ದು. ಅಕ್ಕಂಗೆ ಒಂದು ಚೊಂಬು, ಮಿಕ್ಕಿದ್ದು ಊರಿಗೆಲ್ಲ ಅಂತೀರಲ್ಲ, ಆಯಮ್ಮ ಕೇಳಿದ್ದು ಎಷ್ಟು?"

"ಎಷ್ಟು ಅಂತ ನಾನು ಕೇಳ್ಲೇ ಇಲ್ಲವ್ವ" ಎಂದಳು ಚಿಕ್ಕಮ್ಮ. ಆಮೇಲೆ ನಾಗರಾಜನ ಕಡೆ ತಿರುಗಿ, "ಇನ್ನೆಲ್ಲೂ ನಿಲ್ಲಿಸ್ಬೇಡ. ಇರೋದನ್ನೆಲ್ಲ ಅಲ್ಲಿಗೇ ತಗೊಂಡ್ ಹೋಗು. ಅವ್ಳು ಏನ್ ಮಾಡು ಅಂತಾಳೋ ಅದು" ಎಂದಳು.

ನಿಲ್ಲಿಸಬೇಡ ಎಂದದ್ದು ನಾಗರಾಜನಿಗೆ ಹೊಸಕೋಟೆಯಲ್ಲಿ ನುಂಗಲಾರದ ತುತ್ತಾಯಿತು. ಹೊಸಕೋಟೆಗೆ ಬಂದು ಬಿರಿಯಾನಿ ತಿನ್ನದೆ ಹೋಗುವುದು ಅವನ ಜಾತಕದಲ್ಲಿಲ್ಲ. ಸೌದೆ ಒಲೆಯ ಹೊಗೆ, ದಮ್ಮಿನ ಪಾತ್ರೆ ತೆರೆದ ಘಮ, ತಟ್ಟೆ ಹಿಡಿದು ನಿಂತ ಜನ.

"ಅಣ್ಣ, ನೀನು ಗಾಡೀಲಿ ಕೂತಿರು. ನಾನು ದೂರದಲ್ಲೇ ತಿಂದು ಕೈ ತೊಳ್ಕೊಂಡು ಬರ್ತೀನಿ" ಎಂದ.

"ಕೈ ಎಲ್ಲಿ ತೊಳೀತೀಯ? ಟ್ಯಾಂಕಲ್ಲಾ?" ಎಂದಳು ಚಿಕ್ಕಮ್ಮ ಹಿಂದಿನಿಂದ. ಗಾಡಿ ಮುಂದಕ್ಕೆ ಹೋಯಿತು. ಕೆರೆ ಏರಿ ದಾಟುವವರೆಗೂ ನನ್ನ ತಮ್ಮ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದ.

ಜಡಿಗೇನಹಳ್ಳಿ ತಲುಪಿದಾಗ ಹನ್ನೆರಡೂವರೆ. ಊರಾಚೆಯ ತೋಟದ ಮನೆ. ಅಂಗಳದಲ್ಲಿ ರಾಗಿ ಮೆದೆ, ಜಗಲಿಯ ಮೂಲೆಯಲ್ಲಿ ಅವರೆ ಸಿಪ್ಪೆಯ ಗುಡ್ಡೆ. ಜಗಲಿಯ ಕಂಬಕ್ಕೆ ಒರಗಿ, ಕೋಲನ್ನು ಮಗ್ಗುಲಲ್ಲಿಟ್ಟುಕೊಂಡು ದೊಡ್ಡಮ್ಮ ಕುಳಿತಿದ್ದಳು. ಎಂಬತ್ತು ದಾಟಿದರೂ ಮೊದಲು ಅವಳ ದನಿ ಬರುತ್ತದೆ, ಆಮೇಲೆ ಅವಳು. ಈ ಸಲ ದನಿ ಬರಲಿಲ್ಲ. ಚಿಕ್ಕಮ್ಮ ಇಳಿದು ಬಂದು ಅಕ್ಕನ ಕಾಲ ಬಳಿ ಜಗಲಿಯ ಅಂಚಿನಲ್ಲಿ ಕುಳಿತು, ಗಿಂಡಿಯಿಂದ ಹಿಡಿದು ಮಗ್ಗದ ಬೀದಿಯವರೆಗೆ ಒಂದನ್ನೂ ಮುಚ್ಚದೆ ಹೇಳಿದಳು. ದೊಡ್ಡಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಆ ನೀರಲ್ಲಿ ಪಾತ್ರೆ ತೊಳ್ದ್ರಾ?"

"ತೊಳ್ದ್ವಿ."

"ಇವನು ಕಾಲು ತೊಳ್ದ್ನಾ?"

"ಹ್ಞೂಂ."

"ಅಲ್ಲಿ ಗಂಗೇಲಿ ಏನೇನು ತೊಳೀತಿದ್ರು?"

ಚಿಕ್ಕಮ್ಮ ಯೋಚಿಸಿದಳು. "ಬಟ್ಟೆ ಒಗೀತಿದ್ರು. ಎಮ್ಮೆ ಮೈ ತೊಳೀತಿದ್ರು."

"ಅವಳಿಗೇ ಇಲ್ದಿದ್ದು ನಿಂಗ್ಯಾಕೆ?" ದೊಡ್ಡಮ್ಮ ಒಂದು ಕಾಯಿಯನ್ನು ಪಟ್ಟನೆ ಬಿಡಿಸಿದಳು. "ಒಂದ್ ತಿಂಗ್ಳಿಂದ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ? ನಾನು ಏನಂದ್ಕೊಂಡೆ ಗೊತ್ತಾ? ಹೋದೋಳಿಗೆ ಕುಂಟಿ ನೆನಪಿಗೇ ಬರ್ಲಿಲ್ಲ ಅಂದ್ಕೊಂಡೆ."

"ಹಂಗನ್ಬೇಡ ಅಕ್ಕಯ್ಯ. ಅಲ್ಲಿ ನಿನ್ ಹೆಸ್ರಲ್ಲೂ ಒಂದು ಮುಳುಗು ಹಾಕ್ದೆ."

"ನನ್ ಹೆಸ್ರಲ್ಲಾ? ನಾನಿನ್ನೂ ಗುಂಡ್ಕಲ್ಲಂಗೆ ಕೂತಿದ್ದೀನಲ್ಲೇ!" ಎಂದು ದೊಡ್ಡಮ್ಮ ಗದರಿದಳು; ಗದರುತ್ತಲೇ ಕಣ್ಣು ತುಂಬಿಕೊಂಡಳು. "ನಾನು ಕುಡಿಯೋಕೆ ಗಂಗೆ ಕೇಳಿದ್ನೇನೇ? ಬಾಯಿಗೆ ಬಿಡೋಕೆ ಇನ್ನೂ ಟೈಮ್ ಐತೆ. ನಿನ್ ಕೈ ಹಿಡ್ಕೊಂಡು ನೀರಿಗೆ ಇಳೀಬೇಕು ಅಂತಿದ್ದೆ." ಸ್ವಲ್ಪ ಹೊತ್ತು ಗಾಡಿಯನ್ನೇ ನೋಡಿದಳು. "ಲೋ ನಾಗ, ಅದ್ರಲ್ಲಿ ಬಚ್ಲು ಐತೆ ಅಂದಿದ್ಯಲ್ಲ?"

"ಐತೆ ದೊಡ್ಡಮ್ಮ."

"ನೀರು ಎಷ್ಟೈತೆ?"

"ಎಂಬತ್ತು ಲೀಟ್ರು ಇರ್ಬೋದು."

"ಇಬ್ರಿಗೆ ಸಾಲ್ತದಾ?"

ಒಳಗಿಂದ ದೊಡ್ಡಮ್ಮನ ಸೊಸೆ ಮಂಜುಳಾ ಸೌಟು ಹಿಡಿದೇ ಬಂದಳು. "ಅತ್ತೆ, ಈ ಚಳೀಲಿ ತಣ್ಣೀರ್ ಸ್ನಾನ ಮಾಡಿದ್ರೆ ರಾತ್ರಿಗೆ ಉಬ್ಬಸ ಎದ್ದೇಳ್ತದೆ. ಆಮೇಲೆ ನಾನೇ ಎದ್ದು ಕೂರ್ಬೇಕು. ಆಗಲ್ಲ ಅಂದ್ರೆ ಆಗಲ್ಲ."

ಅವಳ ಮಾತಿನಲ್ಲಿ ಸತ್ಯವಿತ್ತು. ಗಾಡಿಯಲ್ಲಿ ಗ್ಯಾಸ್ ಗೀಸರ್ ಇದೆ, ನೀರು ಅದರೊಳಗಿಂದಲೇ ಕಾದು ಬರುತ್ತದೆ ಎಂದು ನಾಗರಾಜ ವಿವರಿಸಿದ. ಕೊನೆಗೆ ಅತ್ತೆ ಸೊಸೆಯರ ನಡುವೆ ಒಪ್ಪಂದವಾಯಿತು: ಮೊದಲ ಮೂರು ಚೊಂಬು ತಣ್ಣೀರು, ಅದು ಮೂರು ಮುಳುಗಿನ ಬದಲು. ಮಿಕ್ಕದ್ದೆಲ್ಲ ಬಿಸಿನೀರು.

"ಬಚ್ಚಲ ನೀರು ಎಲ್ಲಿಗೆ ಹೋಗ್ತದೆ? ತುಳಿಯೋ ಕಡೆಗಾ?" ಎಂದು ಚಿಕ್ಕಮ್ಮ ಇನ್ನೂ ಅನುಮಾನದಲ್ಲಿದ್ದಳು.

"ಮೈ ಮೇಲಿಂದ ಇಳಿದ್ಮೇಲೆ ಅದು ಸ್ನಾನದ ನೀರು ಕಣೇ. ತೆಂಗಿನ ಪಾತಿಗೆ ಬಿಡು ಅನ್ನು" ಎಂದು ದೊಡ್ಡಮ್ಮ ತೀರ್ಪು ಕೊಟ್ಟಳು. ಬೆಳಗಿನಿಂದ ನಾಲ್ಕು ಊರು ಸುತ್ತಿದರೂ ನಮಗೆ ಹೊಳೆಯದ ತೀರ್ಪು.

ಗಾಡಿಯ ಮೆಟ್ಟಿಲು ಎತ್ತರ, ಆ ಮೊಣಕಾಲಿಗೆ ಆಗುವಂಥದ್ದಲ್ಲ. ನಾಗರಾಜ ಗಾಡಿಯನ್ನು ಹಿಂದೆ ಮುಂದೆ ಮಾಡಿ, ಅದರ ಬಾಗಿಲು ಜಗಲಿಯ ಅಂಚಿಗೆ ಒಂದು ಗೇಣು ದೂರದಲ್ಲಿ ಬರುವಂತೆ ತಂದು ನಿಲ್ಲಿಸಿದ. ಟ್ರ್ಯಾಕ್ಟರಿಗೆ ಮೂಟೆ ಹೇರಲು ಹಾಕುವ ಹಲಗೆಯನ್ನು ನಡುವೆ ಹಾಕಿದೆವು. ಜಗಲಿಯೂ ಗಾಡಿಯ ನೆಲವೂ ಸರಿಸಮ ಬಂದವು. ದೊಡ್ಡಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು, ತಂಗಿಯ ಹೆಗಲು ಹಿಡಿದು, ಹಲಗೆಯ ಮೇಲೆ ಮೂರೇ ಹೆಜ್ಜೆಯಲ್ಲಿ ಒಳಗೆ ಹೋದಳು. ಮಂಜುಳಾ ಒಂದು ಪ್ಲಾಸ್ಟಿಕ್ ಸ್ಟೂಲು, ಎರಡು ಚೊಂಬು, ಬೀರುವಿನಿಂದ ಒಂದು ಸೀರೆ ತಂದು ಒಳಗೆ ಕೊಟ್ಟಳು. ಅಂಗಡಿಯ ಮಡಿಕೆ ಬಿಚ್ಚದ ಸೀರೆ, ಕಾಶಿಗೆಂದು ತೆಗೆದದ್ದು.

ನಾವು ಅಣ್ಣತಮ್ಮಂದಿರು ಹೊರಗೆ ತೆಂಗಿನ ಪಾತಿಯ ಹತ್ತಿರ, ಬಚ್ಚಲ ಪೈಪನ್ನು ಬುಡದ ಕಡೆ ತಿರುಗಿಸಿ ಹಿಡಿದು ನಿಂತೆವು. ಗಾಡಿಯ ಗೋಡೆ ತೆಳು. ಕದ ಮುಚ್ಚಿದ್ದರೂ ಪ್ರತಿಯೊಂದು ಮಾತೂ ಕೇಳುತ್ತಿತ್ತು.

"ಇರು, ಮೊದ್ಲು ನಾನು ಹೇಳ್ತೀನಿ, ಆಮೇಲೆ ಉಯ್ಯಿ. ಇದು ಅಪ್ಪಂಗೆ."

ನೀರು ಬಿದ್ದ ಸದ್ದು. "ಅಯ್ಯಯ್ಯೋ ಸಿವ್ನೇ! ಏನೇ ಇದು ಐಸ್ ಇದ್ದಂಗೈತೆ!"

"ಅಲ್ಲೂ ಹಿಂಗೇ ಇತ್ತು ಅಕ್ಕಯ್ಯ."

"ಸರಿ ಸರಿ. ಇದು ಅವ್ವಂಗೆ." ಮತ್ತೆ ನೀರು. ಈ ಸಲ ಕೂಗಲಿಲ್ಲ. ದೊಡ್ಡಮ್ಮನ ದನಿ ತಗ್ಗಿತು. "ಇದು ನಮ್ ಪುಟ್ತಾಯಿಗೆ. ಅವ್ಳಿದ್ದಿದ್ರೆ ನಿನ್ನೊಬ್ಳನ್ನೇ ಕಳಿಸ್ತಿರ್ಲಿಲ್ಲ."

ಪುಟ್ತಾಯಿ ನಮ್ಮ ಅವ್ವ. ನಾಗರಾಜ ಪೈಪನ್ನು ಹಿಡಿದಂತೆಯೇ ತಲೆ ತಗ್ಗಿಸಿದ. ನೀರು ನಮ್ಮ ಕೈಯೊಳಗಿನ ಪೈಪಿನಲ್ಲಿ ತಣ್ಣಗೆ ಹಾದು ಪಾತಿಗೆ ಬಿದ್ದು, ಒಣಮಣ್ಣಿನಲ್ಲಿ ಇಂಗಿತು.

ಆಮೇಲೆ ಬಿಸಿನೀರು ಶುರುವಾಯಿತು, ಅದರ ಜೊತೆಗೆ ಜಗಳವೂ. ಸೀಗೆಪುಡಿ ಇಲ್ಲವೆಂದು, ಜಾಗ ಸಾಲದೆಂದು, ನೀನೇ ಮೊದಲು ತಲೆಗೆ ಹಾಕಿಕೊಂಡೆಯೆಂದು. ಪೈಪಿನ ನೀರು ಬೆಚ್ಚಗಾಗಿ ಸೋಪಿನ ನೊರೆ ಬಂತು. ನಾಗರಾಜ ಆಗಾಗ ಮುಂಬಾಗಿಲಿನಿಂದ ಇಣುಕಿ ಫಲಕ ನೋಡಿ ಬರುತ್ತಿದ್ದ: ಎರಡು ದೀಪ, ಒಂದು ದೀಪ. ಒಂದೂ ಇಲ್ಲದಾದಾಗ ಪಂಪು ಗರಗರ ಎಂದು ಒಣ ಕೆಮ್ಮು ಕೆಮ್ಮಿತು. ಪಂಪು ಸುಟ್ಟುಹೋಗುತ್ತದೆಂದು ನಾಗರಾಜ ಓಡಿಹೋಗಿ ಸ್ವಿಚ್ಚು ಆರಿಸಿದ.

"ಲೋ ನಾಗಾ! ನೀರ್ ಬಿಡೋ!" ಚಿಕ್ಕಮ್ಮನ ಕೂಗು. "ಮೈಯೆಲ್ಲ ಸೋಪು ಹಂಗೇ ಐತೆ ನಂಗೆ!"

"ಖಾಲಿ ಆಯ್ತು ಚಿಕ್ಕಮ್ಮ!"

"ಖಾಲಿ ಆದ್ರೆ? ಹಿಂಗೇ ನಿಂತಿರ್ಲಾ? ನಿಮ್ ದೊಡ್ಡಮ್ಮ ನೋಡು, ತಾನು ಸೀರೆ ಉಟ್ಕೊಂಡು ಕಿಸಿಕಿಸಿ ನಗ್ತಾ ಅವ್ಳೆ!"

ಟ್ಯಾಂಕಿನ ತಳದಲ್ಲಿ ಪಂಪಿಗೆ ಎಟುಕದ ನೀರು ಒಂದಿಷ್ಟು ಉಳಿಯುತ್ತದೆ ಎಂದು ಪುಸ್ತಕದಲ್ಲಿ ಬರೆದದ್ದು ನಾಗರಾಜನಿಗೆ ನೆನಪಾಯಿತು. ಬೆಳಗಿನ ಹಾಗೆಯೇ ಗಾಡಿಯ ಕೆಳಗೆ ಅಂಗಾತ ಮಲಗಿ, ಬಕೆಟ್ಟು ಹಿಡಿದು ನಲ್ಲಿ ಬಿಚ್ಚಿದ. ಗಟಗಟ ಎಂದು ಮುಕ್ಕಾಲು ಬಕೆಟ್ಟು ಬಂತು. ಬಿಸಿಲಿನ ಬಣ್ಣದ ನೀರಿನಲ್ಲಿ ಒಂದು ರೇಷ್ಮೆ ಎಳೆ ತೇಲುತ್ತಿತ್ತು. ಮಂಜುಳಾ ಅದಕ್ಕೆ ಒಂದು ಚೊಂಬು ಕುದಿನೀರು ಬೆರೆಸಿ ಹಲಗೆ ದಾಟಿಸಿ ಒಳಗೆ ಕೊಟ್ಟಳು. ಕೊನೆಯ ನೀರೂ ಚಿಕ್ಕಮ್ಮನ ಮೈಮೇಲಿಂದ ಇಳಿದು ಪಾತಿ ಸೇರಿತು. ನಾಗರಾಜ ನಲ್ಲಿಗಳನ್ನೆಲ್ಲ ತೆರೆದಿಟ್ಟು, ಗೀಸರಿನ ಬಿರಡೆ ಬಿಚ್ಚಿ, ಕೊಳವೆಗಳನ್ನು ಊದಿ, ಪುಸ್ತಕದಲ್ಲಿದ್ದ ಪ್ರತಿ ಸಾಲಿನ ಮುಂದೆ ಪೆನ್ನಿನಿಂದ ಗುರುತು ಹಾಕಿದ. ಆಮೇಲೆ ಗಾಡಿಯನ್ನು ಕೊಟ್ಟಿಗೆಗೆ ಹೊಡೆದು ನಿಲ್ಲಿಸಿದೆವು.

ಊಟಕ್ಕೆ ಬಿಸಿ ರಾಗಿಮುದ್ದೆ, ಹಿದುಕಿದ ಅವರೆಬೇಳೆ ಸಾರು. ನಾಗರಾಜ ಎರಡೂವರೆ ಮುದ್ದೆ ನುಂಗಿದ, ಬಿರಿಯಾನಿಯ ಮಾತೆತ್ತಲಿಲ್ಲ. ನಾಲ್ಕು ಗಂಟೆಗೆ ಹೊಸಕೋಟೆಯ ಬಸ್ಸಿಗೆ ಹೊರಡಬೇಕಿತ್ತು. ಚಿಕ್ಕಮ್ಮನ ಚೀಲ ಹುಡುಕಿದರೆ ಸಿಗಲಿಲ್ಲ. ದೊಡ್ಡಮ್ಮ ಅದನ್ನು ತನ್ನ ಮಂಚದ ಕೆಳಗೆ ತಳ್ಳಿ ಇಟ್ಟಿದ್ದಳು. "ಗಾಡಿ ಇಲ್ಲೇ ಇರ್ತದಲ್ಲ ಶಿವರಾತ್ರಿ ಗಂಟ? ಇವ್ಳೂ ಇರ್ಲಿ" ಎಂದಳು. ಚಿಕ್ಕಮ್ಮ ಒಂದು ಸಲವೂ ಇಲ್ಲ ಎನ್ನಲಿಲ್ಲ.

ಬೇಲಿ ದಾಟುವಾಗ ನಾನು ತಿರುಗಿ ನೋಡಿದೆ. ಜಗಲಿಯ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ದೊಡ್ಡಮ್ಮ ಹೊಸ ಸೀರೆಯಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದಳು. ಚಿಕ್ಕಮ್ಮ ಅವಳ ಹಿಂದೆ ಮೇಲಿನ ಮೆಟ್ಟಿಲ ಮೇಲೆ. ಇಬ್ಬರದೂ ಕೂದಲು ಬಿಚ್ಚಿತ್ತು, ಒಣಗಲು ಹರಡಿದ್ದ ಬಿಳಿಯ ಕೂದಲು. ಚಿಕ್ಕಮ್ಮ ಅಕ್ಕನ ತಲೆಯ ಸಿಕ್ಕು ಬಿಡಿಸುತ್ತಿದ್ದಳು.

"ಮೆಲ್ಲಗೆ ಎಳಿಯೇ, ಇರೋದೇ ನಾಲ್ಕು ಕೂದ್ಲು."

"ಸುಮ್ನೆ ಕೂತ್ಕೋ ಅಕ್ಕಯ್ಯ, ಅಲ್ಲಾಡಿದ್ರೆ ಇನ್ನೂ ಸಿಕ್ಕಾಗ್ತದೆ."

ಹೋಗಿ ಬರುತ್ತೇವೆ ಎಂದು ನಾವು ಎರಡು ಸಲ ಕೂಗಿದೆವು. ಅವರಿಬ್ಬರಲ್ಲಿ ಒಬ್ಬರೂ ಈ ಕಡೆ ನೋಡಲಿಲ್ಲ.